ಸೈಕಲ್ ಅಂಗಡಿಯವರ ಋಣದ ಲೆಕ್ಕ

ಯುವಕರ ಸಭೆಯೊಂದರಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹ ರೂಪ



ನಾನು ಭಾಷಣಕಾರನಲ್ಲ. ಪಿಯುಸಿವರೆಗೆ ಓದಿ ಅಪ್ಪನ ಪ್ರೆಸ್ಸಿಗೆ ಬಂದು ಕೂತವನು. ಬಿಲ್ ಬುಕ್ಕು, ಲಗ್ನಪತ್ರಿಕೆ, ಕರಪತ್ರ, ಸಂಘದ ವರದಿ ಇಂಥವನ್ನು ಅಚ್ಚು ಹಾಕಿ ಹೊಟ್ಟೆ ಹೊರೆಯುವವನು. "ಸ್ವಂತ ಕಾಲ ಮೇಲೆ ನಿಲ್ಲುವುದು ಹೇಗೆ ಅಂತ ನಾಲ್ಕು ಮಾತು ಹೇಳಿ ಅಣ್ಣಾ" ಎಂದು ನಿಮ್ಮ ಸಂಘದ ಹುಡುಗರು ಕೇಳಿದರು. ಸರಿ, ಹೇಳುತ್ತೇನೆ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸ್ವಂತ ಕಾಲ ಮೇಲೆ ನಿಂತೆ ಅನ್ನುವವನ ಕಾಲ ಕೆಳಗೆ ಒಮ್ಮೆ ನೋಡಿ. ಅಲ್ಲಿ ಯಾರೋ ಹಾಸಿಟ್ಟ ಕಲ್ಲು ಇದ್ದೇ ಇರುತ್ತದೆ.

ಈಗ ಎಲ್ಲರ ಬಾಯಲ್ಲೂ ಒಂದೇ ಮಾತು. "ಯಾರ ಹಂಗೂ ಇಲ್ಲದೆ ಮೇಲೆ ಬಂದೆ." "ನನ್ನ ಶ್ರಮ, ನನ್ನ ಬುದ್ಧಿ." ಕೇಳೋಕೆ ಚೆನ್ನಾಗಿದೆ. ಆದರೆ ನಿಜವಾಗಿ ದೊಡ್ಡ ಕೆಲಸ ಮಾಡಿದವರು ಹಾಗೆ ಮಾತಾಡಿದರೇ? ನೋಡೋಣ. ಅದಕ್ಕೆ ಇಬ್ಬರು ಸೈಕಲ್ ಅಂಗಡಿಯವರ ಚರಿತ್ರೆ ಹೇಳುತ್ತೇನೆ. ಕಟ್ಟುಕಥೆಯಲ್ಲ, ದಾಖಲಾದ ಚರಿತ್ರೆ.

ಅಮೆರಿಕದ ಓಹಾಯೋ ರಾಜ್ಯದಲ್ಲಿ ಡೇಟನ್ ಅಂತ ಒಂದು ಊರು. ಅಲ್ಲಿ ಸೈಕಲ್ ಅಂಗಡಿ ಇಟ್ಟಿದ್ದವರು ಅಣ್ಣ ವಿಲ್ಬರ್ ರೈಟ್, ತಮ್ಮ ಆರ್ವಿಲ್ ರೈಟ್. ಶಾಲೆಯ ಪುಸ್ತಕದಲ್ಲಿ ಇವರ ಬಗ್ಗೆ ಒಂದು ಸಾಲು ಓದಿರುತ್ತೀರಿ, ವಿಮಾನ ಕಂಡುಹಿಡಿದವರು ರೈಟ್ ಸಹೋದರರು ಅಂತ. ಆ ಒಂದು ಸಾಲಿನ ಹಿಂದೆ ಎಷ್ಟು ಜನ ಇದ್ದಾರೆ ಅಂತ ಪುಸ್ತಕ ಹೇಳುವುದಿಲ್ಲ.

ಇವರು ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಇಬ್ಬರ ಕೈಗೂ ಹೈಸ್ಕೂಲಿನ ಸರ್ಟಿಫಿಕೇಟ್ ಕೂಡ ಬರಲಿಲ್ಲ. ಹಿಂದೆ ಸರ್ಕಾರ ಇಲ್ಲ, ಸಾಹುಕಾರ ಇಲ್ಲ. ಹಾಗಾಗಿ ಲೋಕ ಇವರಿಗೆ "ತಮ್ಮನ್ನು ತಾವೇ ಬೆಳೆಸಿಕೊಂಡವರು" ಎಂಬ ಪಟ್ಟ ಕಟ್ಟಿತು. ಆದರೆ ಆರ್ವಿಲ್‌ಗೆ ವಯಸ್ಸಾದ ಮೇಲೆ ಯಾರೋ ಇದೇ ಮಾತು ಹೇಳಿದಾಗ ಆತ ಒಪ್ಪಲಿಲ್ಲ. ನಮಗೆ ಯಾವ ಅನುಕೂಲವೂ ಇರಲಿಲ್ಲ ಅನ್ನುವುದು ಸುಳ್ಳು, ತಿಳಿಯುವ ಆಸೆಗೆ ಅಡ್ಡ ಬರದ ಮನೆಯಲ್ಲಿ ಹುಟ್ಟಿದೆವು, ಅದಕ್ಕಿಂತ ದೊಡ್ಡ ಅನುಕೂಲ ಇನ್ನೇನು ಬೇಕು ಎಂಬ ಅರ್ಥದ ಮಾತು ಹೇಳಿದ. ಪಟ್ಟ ತಾನಾಗಿ ಬಂದು ತಲೆ ಮೇಲೆ ಕೂತರೂ ತೆಗೆದು ಪಕ್ಕಕ್ಕಿಟ್ಟ ಮನುಷ್ಯ! ಅದಕ್ಕೇ ಇವರು ನನಗೆ ಇಷ್ಟ.

ಮೊದಲು ಪ್ರೆಸ್ಸು, ಆಮೇಲೆ ಸೈಕಲ್ಲು

ಇನ್ನೊಂದು ಕಾರಣಕ್ಕೂ ಇಷ್ಟ. ಇವರು ನಮ್ಮ ಕಸುಬಿನವರು! ಹೌದು, ಸೈಕಲ್ ಅಂಗಡಿಗಿಂತ ಮೊದಲು ಇವರು ಇಟ್ಟಿದ್ದು ಪ್ರೆಸ್ಸು. 1889ರ ಮಾರ್ಚಿನಲ್ಲಿ "ವೆಸ್ಟ್ ಸೈಡ್ ನ್ಯೂಸ್" ಎಂಬ ವಾರಪತ್ರಿಕೆ ಶುರು ಮಾಡಿದರು. ಊರಿನ ಪಶ್ಚಿಮ ಭಾಗದ ಬಡಾವಣೆಯ ಸುದ್ದಿ ಹಾಕುವ ಸಣ್ಣ ಪತ್ರಿಕೆ. ಮುದ್ರಣ ಯಂತ್ರ ಕೊಳ್ಳೋಕೆ ದುಡ್ಡಿಲ್ಲ. ಒಡೆದುಹೋದ ಒಂದು ಸಮಾಧಿ ಕಲ್ಲು, ಹಳೇ ಕುದುರೆಗಾಡಿಯ ಬಿಡಿಭಾಗ ಎಲ್ಲ ಸೇರಿಸಿ ತಾವೇ ಯಂತ್ರ ಕಟ್ಟಿಕೊಂಡರು. ಹೊರಗಿನಿಂದ ಬಂದ ಒಬ್ಬ ಮುದ್ರಕ ಅದರ ಕೆಳಗೆ ಮಲಗಿ ನೋಡಿ, ಇದು ಓಡುತ್ತಿದೆ ಅನ್ನುವುದು ಕಾಣುತ್ತಿದೆ, ಯಾಕೆ ಓಡುತ್ತಿದೆ ಅನ್ನುವುದು ಗೊತ್ತಾಗುತ್ತಿಲ್ಲ ಅಂದನಂತೆ. ನಮ್ಮಪ್ಪನ ಹಳೇ ಟ್ರೆಡಲ್ ಯಂತ್ರ ನೋಡಿದವರಿಗೆ ಈ ಮಾತಿನ ರುಚಿ ಗೊತ್ತಾಗುತ್ತದೆ.

1890ರಲ್ಲಿ ಅದನ್ನು ದಿನಪತ್ರಿಕೆ ಮಾಡಲು ಹೋದರು. ದೊಡ್ಡ ಪತ್ರಿಕೆಗಳ ಮುಂದೆ ನಿಲ್ಲಲಾಗದೆ ಕೆಲವೇ ತಿಂಗಳಲ್ಲಿ ಮುಚ್ಚಿದರು. ಪತ್ರಿಕೆ ನಿಂತಿತು, ಪ್ರೆಸ್ಸು ನಿಲ್ಲಲಿಲ್ಲ. ಬೇರೆಯವರ ಕೆಲಸ ಅಚ್ಚು ಹಾಕಿಕೊಡುತ್ತ ನಡೆಸಿದರು.

ಅದೇ ವರ್ಷದ ಕೊನೆಗೆ ಒಂದು ಕೆಲಸ ಬಂತು. ಆರ್ವಿಲ್ ಜೊತೆ ಶಾಲೆಗೆ ಹೋಗುತ್ತಿದ್ದ ಹುಡುಗ ಪಾಲ್ ಲಾರೆನ್ಸ್ ಡನ್‌ಬಾರ್. ಆ ತರಗತಿಯಲ್ಲಿ ಇದ್ದ ಒಬ್ಬನೇ ಕಪ್ಪು ಜನಾಂಗದ ಹುಡುಗ. ಅವನ ತಂದೆ ತಾಯಿ ಗುಲಾಮರಾಗಿದ್ದು ಬಿಡುಗಡೆ ಕಂಡವರು. ತನ್ನ ಜನರಿಗಾಗಿ "ಡೇಟನ್ ಟ್ಯಾಟ್ಲರ್" ಎಂಬ ಪತ್ರಿಕೆ ಮಾಡಬೇಕೆಂದು ಹೊರಟ. ಅಚ್ಚು ಹಾಕಿಕೊಟ್ಟದ್ದು ಈ ರೈಟ್ ಪ್ರೆಸ್ಸು. ಮೂರು ಸಂಚಿಕೆ ಬಂದು ದುಡ್ಡಿಲ್ಲದೆ ನಿಂತಿತು. ಆದರೆ ಆ ಹುಡುಗ ನಿಲ್ಲಲಿಲ್ಲ. ಲಿಫ್ಟ್ ಓಡಿಸುವ ಕೆಲಸ ಮಾಡುತ್ತಲೇ ಕವಿತೆ ಬರೆದು ಅಮೆರಿಕದಲ್ಲೆಲ್ಲ ಹೆಸರಾದ ಕವಿಯಾದ. ಸಣ್ಣ ಪ್ರೆಸ್ಸು ಇನ್ನೊಬ್ಬರ ಕಾಲ ಕೆಳಗೆ ಹಾಸುವ ಕಲ್ಲೂ ಆಗಬಹುದು. ಇದನ್ನು ಮರೆಯಬೇಡಿ.

ಆ ಹೊತ್ತಿಗೆ ಅಮೆರಿಕದಲ್ಲಿ ಸೈಕಲ್ ಹುಚ್ಚು ಹತ್ತಿತ್ತು. ಹಳೆಯ ಎತ್ತರದ ಮುಂಗಾಲಿಯ ಸೈಕಲ್ ಹೋಗಿ, ಎರಡೂ ಗಾಲಿ ಒಂದೇ ಅಳತೆಯ ಈಗಿನ ಸೈಕಲ್ ಬಂದಿತ್ತು. 1892ರಲ್ಲಿ ಆರ್ವಿಲ್ 160 ಡಾಲರ್ ಕೊಟ್ಟು ಹೊಸ ಸೈಕಲ್ ತಂದ. ಕೈ ಬಿಗಿ ಹಿಡಿಯುವ ಅಣ್ಣ 80 ಡಾಲರಿಗೆ ಸೆಕೆಂಡ್ ಹ್ಯಾಂಡ್ ತಂದ. ಊರಿನ ಹುಡುಗರು ರಿಪೇರಿಗೆ ಇವರ ಹತ್ತಿರವೇ ಬರತೊಡಗಿದರು. ಅದೇ ವರ್ಷದ ಕೊನೆಗೆ ಅಂಗಡಿ ತೆರೆದರು. ಮಾರಾಟ, ಬಾಡಿಗೆ, ರಿಪೇರಿ. ಸ್ಪೋಕ್ ಬಿಗಿಯುವುದು, ರಿಮ್ಮಿನ ಡೊಂಕು ತೆಗೆಯುವುದು, ಪಂಕ್ಚರ್ ಹಾಕುವುದು.

1896ರಿಂದ ತಾವೇ ಸೈಕಲ್ ತಯಾರಿಸತೊಡಗಿದರು. ಎಣ್ಣೆ ಹಿಡಿದಿಟ್ಟುಕೊಳ್ಳುವ, ಧೂಳು ಸೇರದ ಹಬ್ ರೂಪಿಸಿದರು. ತಮ್ಮ ಒಳ್ಳೆಯ ಸೈಕಲ್‌ಗೆ ಇಟ್ಟ ಹೆಸರು ಏನು ಗೊತ್ತೇ? ವ್ಯಾನ್ ಕ್ಲೀವ್. ಅದು ಇವರ ಹಿರೀಕರ ಮನೆತನದ ಹೆಸರು. ಡೇಟನ್ ಊರನ್ನು ಕಟ್ಟಲು ಮೊದಲು ಬಂದಿಳಿದವರಲ್ಲಿ ಆ ಮನೆತನದವರಿದ್ದರು. ಅಂಗಡಿಯ ಸರಕಿನ ಮೇಲೆಯೇ ಹಿರಿಯರ ಹೆಸರು. ಋಣ ನೆನೆಯುವ ಬುದ್ಧಿ ಇಲ್ಲಿಂದಲೇ ಕಾಣುತ್ತದೆ.

ಅಮ್ಮನ ಕೈ, ಅಪ್ಪನ ಕಪಾಟು

ಈಗ ಮನೆಗೆ ಬನ್ನಿ. ತಾಯಿ ಸೂಸಾನ್. ಆಕೆಯ ತಂದೆ ಗಾಡಿ ಕಟ್ಟುವ ಕಸುಬಿನವರು. ಆ ಕಾರ್ಖಾನೆಯಲ್ಲಿ ಆಡಿ ಬೆಳೆದ ಹೆಣ್ಣುಮಗಳು. ಆ ಕಾಲಕ್ಕೇ ಕಾಲೇಜು ಕಂಡವಳು. ಮನೆಯಲ್ಲಿ ಏನು ಕೆಟ್ಟರೂ ರಿಪೇರಿ ಮಾಡುತ್ತಿದ್ದವಳು ಆಕೆ. ಮಕ್ಕಳಿಗೆ ಹಿಮದ ಮೇಲೆ ಜಾರುವ ಗಾಡಿ ಮಾಡಿಕೊಟ್ಟವಳೂ ಆಕೆಯೇ. ಅಪ್ಪನಿಗೆ ಮೊಳೆ ಹೊಡೆಯುವುದೂ ಅಷ್ಟಕ್ಕಷ್ಟೇ. ಮಕ್ಕಳ ಕೈಚಳಕ ಬಂದಿದ್ದು ತಾಯಿ ಕಡೆಯಿಂದ. ನಮ್ಮಲ್ಲಿ "ಅಪ್ಪನ ಕಸುಬು ಮಗನಿಗೆ" ಅನ್ನುತ್ತೇವೆ. ಇಲ್ಲಿ ನೋಡಿ, ತಾತನ ಕಸುಬು ಮಗಳ ಮೂಲಕ ಮೊಮ್ಮಕ್ಕಳಿಗೆ ಇಳಿದಿದೆ.

ಅಪ್ಪ ಮಿಲ್ಟನ್ ರೈಟ್ ಚರ್ಚಿನ ಬಿಷಪ್. ಸದಾ ಊರೂರು ತಿರುಗಾಟ. ಆದರೆ ಮನೆಯಲ್ಲಿ ಕಪಾಟುಗಟ್ಟಲೆ ಪುಸ್ತಕ ಇಟ್ಟಿದ್ದರು. ಧರ್ಮದ ಪುಸ್ತಕ ಬೇರೆ, ಲೋಕದ ಪುಸ್ತಕ ಬೇರೆ. ಬಿಷಪ್ಪರ ಮನೆ ಅಂತ ಲೋಕದ ಪುಸ್ತಕಕ್ಕೆ ಬೀಗ ಹಾಕಲಿಲ್ಲ. 1878ರಲ್ಲಿ ಒಮ್ಮೆ ತಿರುಗಾಟದಿಂದ ಬರುವಾಗ ಮಕ್ಕಳಿಗೆ ಒಂದು ಆಟದ ಸಾಮಾನು ತಂದರು. ಬಿದಿರು, ಬೆಂಡು, ಕಾಗದ, ತಿರುಚಿದ ರಬ್ಬರ್ ಬ್ಯಾಂಡ್. ಬಿಟ್ಟರೆ ಗಿರ್ರನೆ ಸೂರಿಗೆ ಹಾರುತ್ತಿತ್ತು. ಫ್ರಾನ್ಸಿನ ಅಲ್ಫೋನ್ಸ್ ಪೆನೋ ಎಂಬುವರು ಮಾಡಿದ ಮಾದರಿ. ಆಗ ವಿಲ್ಬರ್‌ಗೆ ಹನ್ನೊಂದು, ಆರ್ವಿಲ್‌ಗೆ ಏಳು. ಅದು ಮುರಿದು ಹೋಗುವವರೆಗೆ ಆಡಿದರು, ಆಮೇಲೆ ಅದರಂತೆ ತಾವೇ ಮಾಡಿದರು. ಹಾರುವ ಆಸೆ ಮೊದಲು ಹುಟ್ಟಿದ್ದು ಅಪ್ಪ ತಂದ ಆ ಆಟಿಕೆಯಿಂದ ಎಂದು ಮುಂದೆ ಅಣ್ಣತಮ್ಮಂದಿರೇ ಹೇಳಿದ್ದಾರೆ.

ವಿಲ್ಬರ್ ಹದಿನೆಂಟರ ಸುಮಾರಿಗೆ ಹಾಕಿ ಆಡುವಾಗ ಮುಖಕ್ಕೆ ಏಟು ಬಿದ್ದು ಹಲ್ಲು ಉದುರಿದವು. ಆರೋಗ್ಯ ಕೆಟ್ಟು ದೊಡ್ಡ ಕಾಲೇಜಿನ ಕನಸು ಅಲ್ಲಿಗೇ ನಿಂತಿತು. ಅದೇ ಸಮಯಕ್ಕೆ ತಾಯಿಗೆ ಕ್ಷಯ. ಮನೆಯಲ್ಲೇ ಉಳಿದ ವಿಲ್ಬರ್ ತಾಯಿಯ ಸೇವೆ ಮಾಡಿದ. ಸೇವೆ ಮಾಡುತ್ತ ಮಾಡುತ್ತ ಅಪ್ಪನ ಕಪಾಟು ಓದಿದ. ಊರಿನವರ ಕಣ್ಣಿಗೆ ಅವನು ಕೆಲಸವಿಲ್ಲದೆ ಮನೆಯಲ್ಲಿ ಕೂತ ಹುಡುಗ. ಅವನ ಕಾಲೇಜು ನಡೆದದ್ದು ಆ ಮನೆಯೊಳಗೆ. 1889ರ ಜುಲೈ 4ರಂದು ತಾಯಿ ತೀರಿಕೊಂಡರು. ಮಕ್ಕಳು ಹಾರಿದ್ದನ್ನು ಆಕೆ ನೋಡಲಿಲ್ಲ. ಮಗ ಅಂಗಡಿ ತೆರೆದದ್ದನ್ನೂ ನೋಡಲಿಲ್ಲ.

ತಂಗಿ ಹೊತ್ತ ಮನೆ

ತಾಯಿ ಹೋದಾಗ ತಂಗಿ ಕ್ಯಾಥರೀನ್‌ಗೆ ಇನ್ನೂ ಹದಿನೈದು ತುಂಬಿರಲಿಲ್ಲ. ಮನೆಯ ಹೊರೆ ಆ ಹುಡುಗಿಯ ತಲೆ ಮೇಲೆ ಬಂತು. ಆದರೂ ಓದು ಬಿಡಲಿಲ್ಲ. ಓಬರ್ಲಿನ್ ಕಾಲೇಜಿಗೆ ಹೋಗಿ 1898ರಲ್ಲಿ ಪದವಿ ಪಡೆದು, ಡೇಟನ್ನಿನ ಹೈಸ್ಕೂಲಿನಲ್ಲಿ ಲ್ಯಾಟಿನ್ ಕಲಿಸುವ ಟೀಚರ್ ಆದಳು. ಒಟ್ಟಿಗೆ ಇದ್ದ ಆ ಮೂವರಲ್ಲಿ ಪದವಿ ಪಡೆದವಳು ಆಕೆ ಒಬ್ಬಳೇ. ಇದು ಎಷ್ಟು ಜನಕ್ಕೆ ಗೊತ್ತು?

1896ರಲ್ಲಿ ಆರ್ವಿಲ್‌ಗೆ ಟೈಫಾಯ್ಡ್ ಬಂದು ಸಾವಿನ ಬಾಗಿಲು ತಟ್ಟಿ ಬಂದ. ಹಗಲು ರಾತ್ರಿ ಪಕ್ಕದಲ್ಲಿ ಕೂತವರು ತಂಗಿ ಮತ್ತು ಅಣ್ಣ. ಮುಂದೆ ಅಣ್ಣಂದಿರು ಹಾರಾಟದ ಪ್ರಯೋಗಕ್ಕೆ ದೂರದ ಊರಿಗೆ ಹೋದಾಗ ಮನೆಯ ಜೊತೆಗೆ ಅಂಗಡಿಯ ವ್ಯವಹಾರದ ಮೇಲೂ ಕಣ್ಣಿಟ್ಟವಳು ಈಕೆ. ತಂಗಿಯ ಸಂಬಳದ ದುಡ್ಡಿನಿಂದ ವಿಮಾನ ಮಾಡಿದರು ಅಂತ ಕೆಲವರು ಬರೆದರು. ಅದು ನಿಜವಲ್ಲ. ದುಡ್ಡು ಬಂದದ್ದು ಸೈಕಲ್ ಅಂಗಡಿಯ ಗಲ್ಲಾಪೆಟ್ಟಿಗೆಯಿಂದ. ಆದರೆ ದುಡ್ಡು ಕೊಟ್ಟರೆ ಮಾತ್ರ ಋಣವೇ? ಮನೆಯಲ್ಲಿ ಒಲೆ ಉರಿಯುತ್ತಿದೆ, ಅಪ್ಪನನ್ನು ನೋಡಿಕೊಳ್ಳುವವರಿದ್ದಾರೆ ಅನ್ನುವ ಧೈರ್ಯಕ್ಕೆ ಬೆಲೆ ಕಟ್ಟುವವರು ಯಾರು?

ಮುಖ ನೋಡದ ಗುರು, ಕಾಗದ ಬರೆದ ಗುರು

ಇನ್ನು ಗುರುಗಳ ಮಾತು. ಜರ್ಮನಿಯಲ್ಲಿ ಓಟೋ ಲಿಲಿಯೆಂಥಾಲ್ ಎಂಬ ಇಂಜಿನಿಯರ್ ಇದ್ದರು. ರೆಕ್ಕೆ ಕಟ್ಟಿಕೊಂಡು ಗುಡ್ಡದಿಂದ ಜಿಗಿದು ಗಾಳಿಯಲ್ಲಿ ತೇಲುತ್ತಿದ್ದರು. ಸುಮಾರು ಎರಡು ಸಾವಿರ ಸಲ ಹಾಗೆ ತೇಲಿದರು. 1896ರ ಆಗಸ್ಟ್‌ನಲ್ಲಿ ಒಂದು ದಿನ ಬಿದ್ದರು, ಮಾರನೇ ದಿನ ಪ್ರಾಣ ಹೋಯಿತು. ಆ ಸುದ್ದಿ ಡೇಟನ್ನಿನ ಸೈಕಲ್ ಅಂಗಡಿಗೂ ತಲುಪಿತು. ಸತ್ತವನ ಕೆಲಸ ಅರ್ಧಕ್ಕೆ ನಿಂತಿದೆ ಎಂಬ ಯೋಚನೆ ವಿಲ್ಬರ್ ತಲೆಯಲ್ಲಿ ಕೂತಿತು. ಒಮ್ಮೆಯೂ ಮುಖ ನೋಡದ ಮನುಷ್ಯ ಗುರುವಾದ.

1899ರ ಮೇ 30ರಂದು ವಿಲ್ಬರ್ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಗೆ ಒಂದು ಕಾಗದ ಬರೆದ. ಹಾರಾಟದ ಬಗ್ಗೆ ನೀವು ಪ್ರಕಟಿಸಿದ ಪುಸ್ತಕ ಕಳಿಸಿ, ಬೇರೆ ಪುಸ್ತಕಗಳ ಪಟ್ಟಿ ಕೊಡಿ ಅಂತ. ಬರೆದವನು ಯಾರು? ಯಾವುದೋ ಊರಿನ ಸೈಕಲ್ ಅಂಗಡಿಯವನು. ಅಲ್ಲಿನ ಅಧಿಕಾರಿ ಕಾಗದವನ್ನು ಕಸದ ಬುಟ್ಟಿಗೆ ಹಾಕಲಿಲ್ಲ. ಕೆಲವೇ ದಿನದಲ್ಲಿ ಕಿರುಪುಸ್ತಕಗಳನ್ನೂ ಪಟ್ಟಿಯನ್ನೂ ಕಳಿಸಿದರು. ಕಚೇರಿಯಲ್ಲಿ ಕೂತ ಒಬ್ಬ ಮನುಷ್ಯ ತನ್ನ ಕೆಲಸ ಸರಿಯಾಗಿ ಮಾಡಿದರೆ ಏನಾಗಬಹುದು ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕೇ?

ಆ ಪಟ್ಟಿಯಲ್ಲಿ ಆಕ್ಟೇವ್ ಶನೂಟ್ ಎಂಬುವರ ಪುಸ್ತಕ ಇತ್ತು. ಶನೂಟ್ ಶಿಕಾಗೋದ ಹೆಸರಾಂತ ರೈಲ್ವೆ ಇಂಜಿನಿಯರ್. ಹಾರಾಟಕ್ಕಾಗಿ ಯಾರು ಎಲ್ಲಿ ಏನು ಮಾಡಿದ್ದಾರೆ ಎಂಬುದನ್ನೆಲ್ಲ ಒಟ್ಟುಗೂಡಿಸಿ 1894ರಲ್ಲಿ ಪುಸ್ತಕ ಮಾಡಿದ್ದರು. 1900ರ ಮೇ ತಿಂಗಳಲ್ಲಿ ವಿಲ್ಬರ್ ಅವರಿಗೆ ಕಾಗದ ಬರೆದ. ಆಗ ಶನೂಟ್‌ಗೆ ಅರವತ್ತೆಂಟು, ಇವನಿಗೆ ಮೂವತ್ತಮೂರು. ಹಿರಿಯರು ಕೂಡಲೇ ಉತ್ತರ ಬರೆದರು. ಅಲ್ಲಿಂದ ಹತ್ತು ವರ್ಷ ನೂರಾರು ಕಾಗದ ಓಡಾಡಿದವು. ಶನೂಟ್ ಇವರ ಪ್ರಯೋಗದ ಜಾಗಕ್ಕೂ ಬಂದು ಡೇರೆಯಲ್ಲಿ ಉಳಿದರು. ಹಣದ ಸಹಾಯದ ಮಾತೂ ಬಂತು. ಅಣ್ಣತಮ್ಮಂದಿರು ಹಣ ಬೇಡ ಅಂದರು, ತಿಳಿವಳಿಕೆ ಮಾತ್ರ ತೆಗೆದುಕೊಂಡರು.

ಪ್ರಯೋಗದ ಜಾಗ ಅಂದೆನಲ್ಲ, ಅದು ನಾರ್ತ್ ಕ್ಯಾರೊಲಿನಾದ ಕಡಲ ತೀರದ ಕಿಟ್ಟಿ ಹಾಕ್. ಗಾಳಿ ಜೋರು, ಮರಳು ಮೆತ್ತಗೆ. 1900ರಲ್ಲಿ ಅಲ್ಲಿಗೆ ಹೋದಾಗ ಉಳಿಯಲು ಜಾಗ ಕೊಟ್ಟವರು ಬಿಲ್ ಟೇಟ್ ಎಂಬ ಊರಿನವರು. ಗ್ಲೈಡರ್ ರೆಕ್ಕೆಯ ಬಟ್ಟೆ ಹೊಲಿದದ್ದು ಟೇಟ್ ಹೆಂಡತಿಯ ಹೊಲಿಗೆ ಯಂತ್ರದಲ್ಲಿ.

ಗುರುವಿನ ಲೆಕ್ಕವನ್ನೂ ತೂಗಬೇಕು

1901ರಲ್ಲಿ ಮಾಡಿದ ಗ್ಲೈಡರ್ ಕೈಕೊಟ್ಟಿತು. ಲೆಕ್ಕದ ಪ್ರಕಾರ ಎಷ್ಟು ಎತ್ತಬೇಕೋ ಅಷ್ಟು ಎತ್ತಲಿಲ್ಲ. ವಾಪಸ್ ಬರುವಾಗ ವಿಲ್ಬರ್ ಎಷ್ಟು ಸೋತಿದ್ದ ಅಂದರೆ, ನಾವು ಬದುಕಿರುವಾಗ ಮನುಷ್ಯ ಹಾರುವುದಿಲ್ಲ ಅಂದುಬಿಟ್ಟ. ಆಗ ಕೈಹಿಡಿದವರು ಶನೂಟ್. ಶಿಕಾಗೋದ ಇಂಜಿನಿಯರುಗಳ ಸಂಘಕ್ಕೆ ಬಂದು ಮಾತಾಡು ಅಂತ ಕರೆದರು. ಹೈಸ್ಕೂಲ್ ಸರ್ಟಿಫಿಕೇಟ್ ಇಲ್ಲದವನು ಇಂಜಿನಿಯರುಗಳ ಮುಂದೆ! ವಿಲ್ಬರ್ ಹಿಂದೆ ಸರಿದ. ತಂಗಿ ಬಿಡಲಿಲ್ಲ. ಪೀಡಿಸಿ ಪೀಡಿಸಿ ಹೊರಡಿಸಿದಳು. ತಮ್ಮನ ಅಂಗಿ, ತಮ್ಮನ ಕೋಟು ಹಾಕಿಕೊಂಡು ಅಣ್ಣ ರೈಲು ಹತ್ತಿದ. 1901ರ ಸೆಪ್ಟೆಂಬರ್ 18ರಂದು ಮಾತಾಡಿದ. ಮೈಮೇಲೆ ತಮ್ಮನ ಬಟ್ಟೆ, ಬೆನ್ನ ಹಿಂದೆ ತಂಗಿಯ ಒತ್ತಾಯ, ಎದುರಿಗೆ ಗುರುವಿನ ನಂಬಿಕೆ. ಇದನ್ನೇ ತಾನೇ ನಾವು "ಸ್ವಂತ ಕಾಲು" ಅನ್ನುವುದು?

ಊರಿಗೆ ಬಂದವರೇ ಅಂಗಡಿಯಲ್ಲಿ ಕೆಲಸಕ್ಕೆ ಇಳಿದರು. ಲಿಲಿಯೆಂಥಾಲ್ ಅಂಕಿಗಳು ತಪ್ಪಿರಬಹುದೇ ಎಂಬ ಅನುಮಾನ. ಗುರು ಬರೆದದ್ದು ಅಂತ ಕಣ್ಣಿಗೆ ಒತ್ತಿಕೊಂಡು ಕೂರಲಿಲ್ಲ, ಸುಳ್ಳು ಅಂತ ಬಿಸಾಕಲೂ ಇಲ್ಲ. ಮೊದಲು ಸೈಕಲ್ ಹ್ಯಾಂಡಲ್ ಮುಂದೆ ಇನ್ನೊಂದು ಗಾಲಿ ಅಡ್ಡಲಾಗಿ ಕೂರಿಸಿ, ಅದಕ್ಕೆ ರೆಕ್ಕೆಯ ತುಂಡು ಕಟ್ಟಿ, ರಸ್ತೆಯಲ್ಲಿ ಜೋರಾಗಿ ತುಳಿದು ಗಾಳಿಯ ಒತ್ತಡ ನೋಡಿದರು. ಆಮೇಲೆ ಆರು ಅಡಿ ಉದ್ದದ ಮರದ ಪೆಟ್ಟಿಗೆ ಮಾಡಿ, ಒಂದು ಕಡೆಯಿಂದ ಫ್ಯಾನಿನ ಗಾಳಿ ಬಿಟ್ಟರು. ಒಳಗೆ ಅಳೆಯುವ ತಕ್ಕಡಿ. ಅದನ್ನು ಮಾಡಿದ್ದು ಯಾವುದರಿಂದ? ಸೈಕಲ್ ಸ್ಪೋಕು, ಗರಗಸದ ಹಳೇ ಬ್ಲೇಡು! ಸುಮಾರು ಇನ್ನೂರು ಬಗೆಯ ಸಣ್ಣ ರೆಕ್ಕೆ ಮಾಡಿ ಒಂದೊಂದಾಗಿ ಅಳೆದರು.

ಕೊನೆಗೆ ಏನು ಗೊತ್ತಾಯಿತು? ಲಿಲಿಯೆಂಥಾಲ್ ಅಂಕಿಗಳು ಬಹುಮಟ್ಟಿಗೆ ಸರಿಯಾಗಿಯೇ ಇದ್ದವು. ತಪ್ಪಿದ್ದದ್ದು ಗಾಳಿಯ ಒತ್ತಡದ ಲೆಕ್ಕಕ್ಕೆ ಎಲ್ಲರೂ ನೂರು ವರ್ಷಕ್ಕೂ ಹೆಚ್ಚು ಕಾಲ ಬಳಸುತ್ತಿದ್ದ ಒಂದು ಸಂಖ್ಯೆ. 0.005 ಅಂತ ನಂಬಿದ್ದರು. ನಿಜವಾಗಿ ಅದು 0.0033ರ ಆಸುಪಾಸು. ನೋಡಿ, ಗುರುವನ್ನು ಪರೀಕ್ಷೆ ಮಾಡಿದ್ದರಿಂದ ಗುರುವಿಗೆ ಅವಮಾನ ಆಗಲಿಲ್ಲ. ಗುರು ಗೆದ್ದ! ಗುರುಭಕ್ತಿ ಅಂದರೆ ಫೋಟೋಗೆ ಹಾರ ಹಾಕುವುದಷ್ಟೇ ಅಲ್ಲ. ಗುರು ಎಲ್ಲಿ ನಿಲ್ಲಿಸಿದನೋ ಅಲ್ಲಿಂದ ಕೆಲಸ ಎತ್ತಿಕೊಳ್ಳುವುದು.

ಮೂವತ್ತು ಸೆಂಟಿನ ಮೆಕ್ಯಾನಿಕ್

ಒಬ್ಬರನ್ನು ಎಲ್ಲರೂ ಮರೆಯುತ್ತಾರೆ. ಚಾರ್ಲಿ ಟೇಲರ್. 1901ರಲ್ಲಿ ಗಂಟೆಗೆ 30 ಸೆಂಟ್ ಕೂಲಿಗೆ ಅಂಗಡಿ ಸೇರಿದ ಮೆಕ್ಯಾನಿಕ್. ಅಣ್ಣತಮ್ಮಂದಿರು ಕಿಟ್ಟಿ ಹಾಕ್‌ಗೆ ಹೋದಾಗ ಸೈಕಲ್ ರಿಪೇರಿ ನಡೆಸಿ ಅಂಗಡಿ ಬಾಗಿಲು ತೆರೆದಿಟ್ಟವನು ಇವನು. ವಿಮಾನಕ್ಕೆ ಎಂಜಿನ್ ಬೇಕಾಯಿತು. ಕಂಪನಿಗಳಿಗೆ ಬರೆದರೆ ಇವರಿಗೆ ಒಗ್ಗುವ ಹಗುರ ಎಂಜಿನ್ ಯಾರ ಹತ್ತಿರವೂ ಸಿಗಲಿಲ್ಲ. ಟೇಲರ್ ಅಂಗಡಿಯ ಲೇತು, ಡ್ರಿಲ್ಲಿಂಗ್ ಯಂತ್ರ ಇಟ್ಟುಕೊಂಡು ಆರು ವಾರದಲ್ಲಿ ಎಂಜಿನ್ ಮಾಡಿದ. ಅಲ್ಯೂಮಿನಿಯಂ ಎರಕ, ಸುಮಾರು 12 ಅಶ್ವಶಕ್ತಿ. ಅಣ್ಣತಮ್ಮಂದಿರು ಕಾಗದದ ಮೇಲೆ ಗೀಚಿಕೊಟ್ಟದ್ದು, ಇವನು ಕಬ್ಬಿಣದಲ್ಲಿ ಕೊರೆದದ್ದು. ಎಂಜಿನ್ನಿನಿಂದ ಪಂಖಕ್ಕೆ ಶಕ್ತಿ ಒಯ್ದದ್ದು ಏನು? ಹಲ್ಲುಗಾಲಿ ಮತ್ತು ಚೈನು, ಸೈಕಲ್ಲಿನಲ್ಲಿ ಇರುವ ಹಾಗೆ.

1903ರ ಡಿಸೆಂಬರ್ 17. ಕಿಟ್ಟಿ ಹಾಕ್ ಪಕ್ಕದ ಕಿಲ್ ಡೆವಿಲ್ ಹಿಲ್ಸ್. ಕೊರೆಯುವ ಚಳಿ. ಸಹಾಯಕ್ಕೆ ಬಂದವರು ಕಡಲಲ್ಲಿ ಮುಳುಗುವವರನ್ನು ಕಾಪಾಡುವ ಠಾಣೆಯ ಸಿಬ್ಬಂದಿ. ಬೆಳಿಗ್ಗೆ ಹತ್ತೂವರೆ ದಾಟಿದಾಗ ಆರ್ವಿಲ್ ಹತ್ತಿದ. 12 ಸೆಕೆಂಡು, 120 ಅಡಿ. ಅಷ್ಟೇ! ಅದೇ ದಿನದ ನಾಲ್ಕನೇ ಹಾರಾಟದಲ್ಲಿ ವಿಲ್ಬರ್ 59 ಸೆಕೆಂಡು, 852 ಅಡಿ ಹಾರಿದ. ಅದೇ ವರ್ಷ ಸರ್ಕಾರದ ಯುದ್ಧ ಇಲಾಖೆಯ 50,000 ಡಾಲರ್ ಪಡೆದಿದ್ದ ದೊಡ್ಡ ವಿಜ್ಞಾನಿ ಲ್ಯಾಂಗ್ಲಿಯವರ ಯಂತ್ರ ಎರಡು ಸಲ ನದಿಗೆ ಬಿದ್ದಿತ್ತು. ಇವರಿಗೆ ಆದ ಖರ್ಚು 1,000 ಡಾಲರಿಗಿಂತ ಕಡಿಮೆ. ಎಲ್ಲ ಸೈಕಲ್ ಅಂಗಡಿಯ ದುಡಿಮೆ. ಸಂಜೆ ಮೊದಲು ತಂತಿ ಕಳಿಸಿದ್ದು ಯಾರಿಗೆ? ಪತ್ರಿಕೆಗಲ್ಲ, ಅಪ್ಪನಿಗೆ.

ತೀರಿದ ಋಣ, ತೀರದ ಋಣ

ಇಲ್ಲಿಗೆ ಕಥೆ ಮುಗಿಸಿದರೆ ಎಲ್ಲರಿಗೂ ಖುಷಿ. ಆದರೆ ನಿಜ ಹೇಳಬೇಕಲ್ಲ.

1908ರ ಸೆಪ್ಟೆಂಬರ್ 17ರಂದು ಸೈನ್ಯದ ಮುಂದೆ ವಿಮಾನ ತೋರಿಸುವಾಗ ಆರ್ವಿಲ್ ಬಿದ್ದ. ಜೊತೆಗಿದ್ದ ಲೆಫ್ಟಿನೆಂಟ್ ಥಾಮಸ್ ಸೆಲ್‌ಫ್ರಿಜ್ ಸತ್ತರು. ಎಂಜಿನ್ ಇರುವ ವಿಮಾನದ ಅಪಘಾತದಲ್ಲಿ ಸತ್ತ ಮೊದಲ ವ್ಯಕ್ತಿ ಅವರು. ಆರ್ವಿಲ್‌ಗೆ ತೊಡೆ, ಪಕ್ಕೆಲುಬು ಮುರಿದವು. ತಂತಿ ಬಂದ ಕೂಡಲೇ ತಂಗಿ ಶಾಲೆಗೆ ರಜೆ ಹಾಕಿ ಓಡಿ ಬಂದಳು. ವಾರಗಟ್ಟಲೆ ಆಸ್ಪತ್ರೆಯಲ್ಲೇ ಇದ್ದು ಅಣ್ಣನನ್ನು ಎಬ್ಬಿಸಿ ಕೂರಿಸಿದಳು. ಮತ್ತೆ ಪಾಠ ಹೇಳಲು ಆ ಶಾಲೆಗೆ ಹೋಗಲೇ ಇಲ್ಲ. ತನ್ನ ಕಸುಬನ್ನೇ ಅಣ್ಣಂದಿರಿಗಾಗಿ ಬಿಟ್ಟಳು.

1910ರ ಮೇ 25ರಂದು ಒಂದು ಋಣ ಸಂದಾಯ ಆಯಿತು. ಇಬ್ಬರೂ ಒಟ್ಟಿಗೆ ಹಾರಬೇಡಿ, ಬಿದ್ದರೆ ಒಬ್ಬನಾದರೂ ಉಳಿಯಲಿ ಎಂದು ಅಪ್ಪ ಮೊದಲಿಂದ ಹೇಳಿದ್ದರು. ಆ ಮಾತು ಮೀರಿರಲಿಲ್ಲ. ಆ ದಿನ ಮಾತ್ರ ಅಪ್ಪನ ಒಪ್ಪಿಗೆ ಪಡೆದು ಒಮ್ಮೆ ಒಟ್ಟಿಗೆ ಹಾರಿದರು. ಆಮೇಲೆ ಆರ್ವಿಲ್ ಅಪ್ಪನನ್ನೇ ಕೂರಿಸಿಕೊಂಡು ಹಾರಿದ. ಬಿಷಪ್ಪರಿಗೆ ಆಗ ಎಂಬತ್ತೊಂದು ದಾಟಿತ್ತು. ಹೆದರುತ್ತಾರೆ ಅಂದುಕೊಂಡರೆ, ಇನ್ನೂ ಮೇಲೆ ಹೋಗು ಅಂದರಂತೆ! ಆಟಿಕೆ ತಂದುಕೊಟ್ಟ ಅಪ್ಪನಿಗೆ ಮಕ್ಕಳು ಕೊಟ್ಟ ಬಡ್ಡಿ ಅದು.

ಶನೂಟ್ ಜೊತೆ? ಅಲ್ಲಿ ಮನಸ್ತಾಪ ಬಂತು. ಇವರು ನನ್ನ ಶಿಷ್ಯರು ಎಂಬ ಅರ್ಥ ಬರುವಂತೆ ಶನೂಟ್ ಮಾತಾಡಿದ್ದು ಇವರಿಗೆ ನೋವಾಯಿತು. ಪೇಟೆಂಟಿಗಾಗಿ ಇವರು ಕೋರ್ಟಿಗೆ ಹೋದದ್ದು ಅವರಿಗೆ ಹಿಡಿಸಲಿಲ್ಲ. 1910ರಲ್ಲಿ ಕಾಗದಗಳು ಬಿಸಿಯಾದವು. ಹಳೇ ಸ್ನೇಹ ಕೆಡುವುದು ಬೇಡ ಎಂದು ವಿಲ್ಬರ್ ಮತ್ತೆ ಬರೆದ, ಹಿರಿಯರೂ ಮೆತ್ತಗಾಗಿ ಉತ್ತರಿಸಿದರು. ಆದರೆ ಎದುರೆದುರು ಕೂತು ಮಾತಾಡುವ ಮೊದಲೇ, ಆ ವರ್ಷದ ನವೆಂಬರಿನಲ್ಲಿ ಶನೂಟ್ ತೀರಿಕೊಂಡರು. ವಿಲ್ಬರ್ ರೈಲು ಹತ್ತಿ ಅಂತ್ಯಕ್ರಿಯೆಗೆ ಹೋದ. ಆಮೇಲೆ ಅವರ ಗುಣ ಹೊಗಳಿ ಬರೆದ. ಚೆನ್ನಾಗಿ ಬರೆದ. ಆದರೆ ಓದಬೇಕಾದವರು ಇರಲಿಲ್ಲ.

ವಿಲ್ಬರ್ ಕೂಡ 1912ರ ಮೇ 30ರಂದು ಟೈಫಾಯ್ಡಿನಿಂದ ತೀರಿಕೊಂಡ. ನಲವತ್ತೈದೇ ವರ್ಷ. ಅವನು ಬರೆದಿಟ್ಟ ಕೊನೆಯ ಲೇಖನಗಳಲ್ಲಿ ಒಂದು ಲಿಲಿಯೆಂಥಾಲ್ ಬಗ್ಗೆ. ಮುಖ ನೋಡದ ಗುರುವಿಗೆ, ನಮಗಿಂತ ಮುಂಚೆ ಈ ದಾರಿ ತುಳಿದವರಲ್ಲಿ ಎಲ್ಲರಿಗಿಂತ ದೊಡ್ಡವನು ನೀನೇ ಅಂತ ಹೇಳಿ ಹೋದ.

ಈಗ ಮನಸ್ಸಿಗೆ ನೋವಾಗುವ ಮಾತು. 1926ರಲ್ಲಿ ಕ್ಯಾಥರೀನ್, ಐವತ್ತೆರಡನೇ ವಯಸ್ಸಿನಲ್ಲಿ, ಹಳೆಯ ಗೆಳೆಯರೊಬ್ಬರನ್ನು ಮದುವೆಯಾದಳು. ಜೀವನವಿಡೀ ಅಣ್ಣಂದಿರಿಗಾಗಿ ಸವೆದವಳು ತನಗಾಗಿ ಕೇಳಿದ್ದು ಅಷ್ಟೇ. ಆರ್ವಿಲ್‌ಗೆ ಸಹಿಸಲಾಗಲಿಲ್ಲ. ಮದುವೆಗೆ ಹೋಗಲಿಲ್ಲ. ಮಾತು ಬಿಟ್ಟ. 1929ರಲ್ಲಿ ಆಕೆಗೆ ನ್ಯುಮೋನಿಯಾ ಬಂದು ಕೊನೆಗಾಲ ಎಂದು ಗೊತ್ತಾದಾಗ ಓಡಿ ಹೋದ. ಮಾರ್ಚ್ 3ರಂದು ಆಕೆ ಹೋದಳು.

ಕಾಣದ ಗುರುವನ್ನು ನೆನೆಯುವುದು ಸುಲಭ. ದಿನಾ ಅನ್ನ ಬಡಿಸಿದ ಕೈಯನ್ನು ನೆನೆಯುವುದು ಕಷ್ಟ. ಯಾಕೆ? ಅದು ನಮ್ಮ ಹಕ್ಕು ಅಂದುಕೊಂಡಿರುತ್ತೇವೆ. ಆಕೆಗೂ ಒಂದು ಬಾಳು ಉಂಟು ಅನ್ನುವುದು ಹೊಳೆಯುವುದೇ ಇಲ್ಲ. ಗಂಡುಹುಡುಗರೇ, ಈ ಮಾತು ಮುಖ್ಯವಾಗಿ ನಿಮಗೆ.

ಚಾರ್ಲಿ ಟೇಲರ್ ಏನಾದ? ಅಂಗಡಿ ಬಿಟ್ಟ ಮೇಲೆ ಎಲ್ಲೆಲ್ಲೋ ದುಡಿದ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೈ ಬರಿದಾಯಿತು. 1948ರಲ್ಲಿ ಆರ್ವಿಲ್ ತೀರಿಕೊಂಡಾಗ ಉಯಿಲಿನಲ್ಲಿ ಟೇಲರ್‌ಗೆ ವರ್ಷಕ್ಕೆ 800 ಡಾಲರ್ ಬರೆದಿಟ್ಟಿದ್ದ. ಮಾಲೀಕ ಮರೆತಿರಲಿಲ್ಲ, ಲೋಕ ಮರೆತಿತ್ತು. ಮುದಿ ವಯಸ್ಸಿನಲ್ಲಿ ಬಡವರ ವಾರ್ಡಿನಲ್ಲಿ ಮಲಗಿದ್ದವನನ್ನು ವಿಮಾನ ಉದ್ಯಮದವರು ಗುರುತಿಸಿ ಹಣ ಕೂಡಿಸಿ ಬೇರೆಡೆಗೆ ಸಾಗಿಸಿದರು. 1956ರಲ್ಲಿ ತೀರಿಕೊಂಡ. ಇವತ್ತು ಅಮೆರಿಕದಲ್ಲಿ ಅವನು ಹುಟ್ಟಿದ ಮೇ 24 ವಿಮಾನ ಮೆಕ್ಯಾನಿಕ್‌ಗಳ ದಿನ. ನಮ್ಮ ಬೆಂಗಳೂರಿನಲ್ಲೂ 1940ರಿಂದ ವಿಮಾನ ಕಾರ್ಖಾನೆ ಇದೆ. ಅಲ್ಲಿ ದುಡಿದ ಫಿಟ್ಟರು, ಟರ್ನರುಗಳು ನಿಮ್ಮ ಬೀದಿಯಲ್ಲೇ ಇರಬಹುದು. ಅವರನ್ನು ಕೇಳಿ, ಮೆಕ್ಯಾನಿಕ್ ಇಲ್ಲದೆ ಯಾವ ವಿಮಾನ ಮೇಲೆದ್ದಿದೆ ಅಂತ.

ಕಾರ್ಡಿನಲ್ಲಿ ಯಾರ ಹೆಸರು?

ಕೊನೆಗೆ ನಮ್ಮ ಪ್ರೆಸ್ಸಿನ ಅನುಭವದ ಒಂದು ಮಾತು ಹೇಳಿ ಕೂರುತ್ತೇನೆ.

ಹೊಸ ಅಂಗಡಿ ತೆರೆಯುವ ಹುಡುಗರು ನಮ್ಮಲ್ಲಿಗೆ ಉದ್ಘಾಟನೆಯ ಕಾರ್ಡು ಹಾಕಿಸಲು ಬರುತ್ತಾರೆ. ಬೈಕ್ ಗ್ಯಾರೇಜು, ಮೊಬೈಲ್ ರಿಪೇರಿ, ಬೇಕರಿ. ಖುಷಿಯಿಂದ ಹಾಕಿಕೊಡುತ್ತೇನೆ. ಮೇಲೆ ದೇವರ ಹೆಸರು. ಕೆಳಗೆ ಶಾಸಕರು, ಮಾಜಿಗಳು, ಹಾಲಿಗಳು, ಮುಖಂಡರು. ಅಕ್ಷರ ದಪ್ಪ ಮಾಡಿ ಅಂತ ಬೇರೆ ಹೇಳುತ್ತಾರೆ. ನಾನು ಸುಮ್ಮನೆ ಕೇಳುತ್ತೇನೆ, "ತಮ್ಮಾ, ನಿನಗೆ ಕೆಲಸ ಕಲಿಸಿದ ಮೇಸ್ತ್ರಿ ಹೆಸರು ಎಲ್ಲಿ? ಅಡ್ವಾನ್ಸ್ ಕಟ್ಟೋಕೆ ಬಳೆ ಬಿಚ್ಚಿಕೊಟ್ಟ ಅಕ್ಕನ ಹೆಸರು ಎಲ್ಲಿ?" ಹುಡುಗ ತಲೆ ಕೆರೆದುಕೊಳ್ಳುತ್ತಾನೆ. "ಅವರು ಮನೆಯವರಲ್ವಾ ಅಣ್ಣಾ" ಅನ್ನುತ್ತಾನೆ.

ಮನೆಯವರು, ಅದಕ್ಕೇ ಹಾಕಬೇಕು! ಕಾರ್ಡಿನಲ್ಲಿ ಜಾಗ ಇಲ್ಲ ಅನ್ನಬೇಡಿ. ಜಾಗ ಮಾಡಿಕೊಡುವ ಕೆಲಸ ನನ್ನದು. ಆ ಮೇಸ್ತ್ರಿ ಬದುಕಿದ್ದರೆ ಈ ವಾರವೇ ಹೋಗಿ ನೋಡಿ. ಅವರು ಕಲಿಸಿದ್ದರಲ್ಲಿ ಏನಾದರೂ ತಪ್ಪು ಕಂಡಿದ್ದರೆ ಅದನ್ನೂ ಅವರ ಮುಂದೆಯೇ ಗೌರವದಿಂದ ಮಾತಾಡಿ. ನಿಮ್ಮ ಅಂಗಡಿಯಲ್ಲಿ ಕೆಲಸ ಕಲಿಯಲು ಬಂದ ಹುಡುಗನಿಗೆ ಬಚ್ಚಿಡದೆ ಕಲಿಸಿ. ಮನೆಯ ಅಕ್ಕತಂಗಿಯರು ತಮಗೋಸ್ಕರ ಏನಾದರೂ ಬೇಕು ಅಂದಾಗ ಮುಖ ತಿರುಗಿಸಬೇಡಿ. ಉಯಿಲಿನಲ್ಲಿ ಬರೆಯುವ ತನಕ, ಸಾವಿನ ಸುದ್ದಿ ಬರುವ ತನಕ ಕಾಯಬೇಡಿ.

ಸ್ವಂತ ಕಾಲ ಮೇಲೆ ನಿಲ್ಲಿ. ಖಂಡಿತ ನಿಲ್ಲಿ. ನಿಂತ ಮೇಲೆ ಒಮ್ಮೆ ಕೆಳಗೆ ನೋಡಿ, ಕಲ್ಲು ಹಾಸಿದವರ ಹೆಸರು ಹಿಡಿದು ಕೂಗಿ ಹೇಳಿ. ಅವರಿಗೆ ಕೇಳಿಸುವಾಗಲೇ ಹೇಳಿ.